ತೇವ ಹಿಡಿದ ವಿಕ್ಟೋರಿಯನ್ ಸಾಲುಮನೆ: ಇಂಜೆಕ್ಷನ್ ಹಾಕಿಸಿಕೊಟ್ಟರೆ ಕೊಳ್ಳಬಹುದಾ?

ಇಂಗ್ಲೆಂಡಿನ ಲೆಸ್ಟರ್‌ನಲ್ಲಿ 1890ರ ದಶಕದ ಇಟ್ಟಿಗೆಯ ಸಾಲುಮನೆ, ಕೊಳ್ಳುವ ಮುಂಚೆ ಮಾಡಿಸುವ ಕಟ್ಟಡ ತಪಾಸಣೆಯ (ಸರ್ವೇ) ವರದಿಯಲ್ಲಿ ‘ರೈಸಿಂಗ್ ಡ್ಯಾಂಪ್’ ಅಂದರೆ ನೆಲದ ತೇವ ಗೋಡೆಗೆ ಏರುತ್ತಿದೆ ಅಂತ, ಮಾರುವವರು ಅದನ್ನು ತಡೆಯಲು ಗೋಡೆಗೆ ರಾಸಾಯನಿಕ ಇಂಜೆಕ್ಷನ್ ಹಾಕಿಸಿ ಗ್ಯಾರಂಟಿ ಪತ್ರ ಕೊಡುತ್ತಾರಂತೆ. ಅದನ್ನೇ ಕೊಳ್ಳುವುದೋ, ಊರಾಚೆಯ ಹೊಸ ಬಡಾವಣೆಗೆ ಹೋಗುವುದೋ ಅಂತ ಕೇಳಿದ್ದೀರಿ. ಅಂಥದೇ ಗ್ಯಾರಂಟಿ ಪತ್ರ ನನ್ನ ಹತ್ತಿರವೂ ಒಂದಿದೆ. ಚೆನ್ನಾಗಿ ಲ್ಯಾಮಿನೇಟ್ ಮಾಡಿ ಕೊಟ್ಟಿದ್ದರು.

ನನ್ನದು ಸಾಲ್ಟೇರ್‌ನಲ್ಲಿ, ಬ್ರಾಡ್‌ಫರ್ಡ್ ಪಕ್ಕ. ಟೈಟಸ್ ಸಾಲ್ಟ್ ಅನ್ನುವ ಉಣ್ಣೆ ಗಿರಣಿಯ ಧಣಿ ಬ್ರಾಡ್‌ಫರ್ಡ್‌ನ ಹೊಗೆಯಿಂದ ದೂರ ಬಂದು, ಏರ್ ನದಿಯ ದಡದಲ್ಲಿ 1853ರಲ್ಲಿ ಗಿರಣಿ ತೆರೆದು, ಕೆಲಸಗಾರರಿಗೆ 800ಕ್ಕೂ ಹೆಚ್ಚು ಮನೆ ಕಟ್ಟಿಸಿದ ಊರು ಇದು. ನಕ್ಷೆ ಹಾಕಿದವರು ಲಾಕ್‌ವುಡ್ ಮತ್ತು ಮಾಸನ್. ಬೀದಿಗಳಿಗೆ ಹೆಂಡತಿ ಮಕ್ಕಳ ಹೆಸರು: ಕ್ಯಾರೊಲೈನ್, ಜಾರ್ಜ್, ಹೆಲೆನ್, ಏಡಾ. ವಾಸ್ತುಶಿಲ್ಪಿಗಳಿಗೂ ತಲಾ ಒಂದು ಬೀದಿ ಸಿಕ್ಕಿದೆ. 2001ರಿಂದ ಇಡೀ ಊರು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ.

ನಾನು ಮರುಳಾಗಿದ್ದು ಆ ಸಾಲಿಗೆ. ಎಲ್ಲ ಒಂದೇ ಥರದ ಮನೆ ಅನ್ನಿಸುತ್ತದೆ, ಆದರೆ ನಿಂತು ನೋಡಿದರೆ ಲೆಕ್ಕಾಚಾರ ಕಾಣುತ್ತದೆ. ಉದ್ದ ಸಾಲುಗಳ ತುದಿಗೆ ಬಂದರೆ ಮನೆ ಮೂರಂತಸ್ತಿಗೆ ಏರುತ್ತದೆ, ಅಲ್ಲಿ ಕಿಟಕಿಗೆ ಕಮಾನು ಬರುತ್ತದೆ. 1820ರ ದಶಕದಲ್ಲಿ ವಾಸ್ತುಶಿಲ್ಪಿ ಜಾನ್ ನ್ಯಾಶ್ ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಪಕ್ಕದ ಕಂಬರ್‌ಲ್ಯಾಂಡ್ ಟೆರೇಸ್‌ನಲ್ಲಿ ಸಾಲುಮನೆಗೆ ಅರಮನೆಯ ವೇಷ ಹಾಕಿದ್ದನಲ್ಲ, ಅದೇ ಉಪಾಯ. ಅಲ್ಲಿ ಸಿರಿವಂತರಿಗೆ, ಇಲ್ಲಿ ಉಣ್ಣೆ ನೇಯುವವರಿಗೆ. ದರ್ಜೆ ಭೇದವನ್ನೂ ಮುಚ್ಚಿಟ್ಟಿಲ್ಲ. ಮೇಲ್ವಿಚಾರಕನ ಮನೆಗೆ ಮುಂದೆ ಪುಟ್ಟ ತೋಟ. ಕೂಲಿಯವನ ಬಾಗಿಲು ಸೀದಾ ಫುಟ್‌ಪಾತಿಗೆ ತೆರೆಯುತ್ತದೆ. ನನ್ನದು ಕೂಲಿಯವನ ಮನೆ.

ಈಗ ವಿಷಯಕ್ಕೆ ಬರ್ತೀನಿ. ಕೊಂಡ ಮೊದಲ ಚಳಿಗಾಲದಲ್ಲೇ ಹಿಂದಿನ ಕೋಣೆಯ ಗೋಡೆ ಮೊಣಕಾಲೆತ್ತರಕ್ಕೆ ಕಂದು ಬಣ್ಣಕ್ಕೆ ತಿರುಗಿತು, ಬೀರುವಿನ ಹಿಂದೆ ಬೂಷ್ಟು. ಊರಿಂದ ಬಂದಿದ್ದ ಅತ್ತೆ ‘ಈ ಮನೇಲಿ ಮಗು ಮಲಗಿಸ್ತೀರಾ?’ ಅಂದರು. ಅಷ್ಟು ಸಾಕಿತ್ತು. ಉಚಿತ ತಪಾಸಣೆ ಅಂತ ಜಾಹೀರಾತು ಕೊಟ್ಟಿದ್ದ ಒಂದು ಕಂಪನಿಗೆ ಫೋನ್ ಮಾಡಿದೆ. ಬಂದ ಹುಡುಗ ಎರಡು ಮುಳ್ಳಿನ ಮೀಟರನ್ನು ಗೋಡೆಗೆ ಚುಚ್ಚಿದ, ಅದು ಕಿರ್ ಅಂತು, ಮುಖ ಸಪ್ಪಗೆ ಮಾಡಿಕೊಂಡ. ಪರಿಹಾರ ಸಿದ್ಧವಾಗಿತ್ತು: ಬುಡದಲ್ಲಿ ಸಾಲಾಗಿ ತೂತು ಕೊರೆದು ರಾಸಾಯನಿಕ ತುಂಬುವುದು, ಒಳಗಿನ ಹಳೆ ಗಿಲಾವು ಕೆತ್ತಿ ಸಿಮೆಂಟು ಬಳಿಯುವುದು, ಹೊರಗಿನ ಕಲ್ಲಿನ ಸಂದಿಗೂ ಸಿಮೆಂಟು ಪಾಯಿಂಟಿಂಗ್. ಹಾಂ ಅಂದುಬಿಟ್ಟೆ.

ಇದರಲ್ಲಿ ಎಷ್ಟು ತಪ್ಪಿತ್ತು ಅಂತ ಬಿಡಿಸಿ ಹೇಳಲೇಬೇಕು, ಸ್ವಲ್ಪ ಉದ್ದವಾದರೂ ಸಹಿಸಿಕೊಳ್ಳಿ.

ಆ ಮೀಟರು ಅಳೆಯುವುದು ನೀರನ್ನಲ್ಲ, ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದನ್ನು. ಅದರ ಅಂಕಿಗಳು ಹೊಂದಿಸಿರುವುದು ಮರಕ್ಕೆ. ಹಳೆ ಗೋಡೆಯಲ್ಲಿ ಲವಣ ಸೇರಿಕೊಂಡಿರುತ್ತದೆ, ಒಳಗೆ ಬೇಕಾದಷ್ಟು ಒಣಗಿದ್ದರೂ ಮೀಟರು ಕಿರುಚಬಹುದು. ಇನ್ನು ಗೋಡೆ. ಈಗಿನ ಮನೆಗಳಲ್ಲಿ ಎರಡು ಪದರ ಗೋಡೆ, ನಡುವೆ ಖಾಲಿ ಜಾಗ, ಹೊರಗಿನ ನೀರು ಒಳಗೆ ದಾಟುವುದಿಲ್ಲ. ವಿಕ್ಟೋರಿಯನ್ ಸಾಲುಮನೆಗೆ ಸಾಮಾನ್ಯವಾಗಿ ಆ ಖಾಲಿ ಜಾಗ ಇಲ್ಲ. ಗಟ್ಟಿ ಗೋಡೆ ಮಳೆ ನೀರು ಕುಡಿಯುತ್ತದೆ, ಬಿಸಿಲು ಗಾಳಿ ಬಂದಾಗ ಬಿಟ್ಟುಕೊಡುತ್ತದೆ. ಬಿಟ್ಟುಕೊಡುವ ದಾರಿ ಕಲ್ಲುಗಳ ನಡುವಿನ ಸಂದಿನ ಸುಣ್ಣದ ಗಾರೆ. ಅದು ಕಲ್ಲಿಗಿಂತ ಮೆತ್ತಗೆ ಇರುವುದು ಬೇಕೆಂದೇ: ಸವೆಯುವುದಾದರೆ ಗಾರೆ ಸವೆಯಲಿ, ಕಲ್ಲು ಉಳಿಯಲಿ ಅಂತ. ಸಿಮೆಂಟು ತುಂಬಿದೊಡನೆ ಆ ದಾರಿ ಮುಚ್ಚಿತು. ನೀರು ಕಲ್ಲಿನ ಮುಖದಿಂದಲೇ ಹೊರಬರಬೇಕಾಯಿತು. ಅದು ಹೊರಬರುವ ಮೊದಲೇ ಹೆಪ್ಪುಗಟ್ಟಿತು. ಎರಡು ಚಳಿಗಾಲ ಕಳೆಯುವಷ್ಟರಲ್ಲಿ ನೂರೈವತ್ತು ವರ್ಷ ಏನೂ ಆಗದ ಮರಳುಗಲ್ಲು ಸಿಪ್ಪೆ ಸಿಪ್ಪೆಯಾಗಿ ಉದುರಿತು.

ಇಂಜೆಕ್ಷನ್ನಿನ ಕಥೆ ಇನ್ನೂ ತಮಾಷೆ. ನಮ್ಮ ಗೋಡೆ ಹೊರಗೆ ಕಲ್ಲು, ಒಳಮೈಗೆ ಇಟ್ಟಿಗೆ, ನಡುವೆ ಗಾರೆ, ಚೂರುಗಲ್ಲು. ಅಂಥದ್ದರಲ್ಲಿ ರಾಸಾಯನಿಕ ಎಲ್ಲಿ ಹರಿಯಿತು, ಎಲ್ಲಿ ನಿಂತಿತು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಬಿಡುವಿಲ್ಲದ ತಡೆ ಆಗುವುದಂತೂ ಇಲ್ಲ. ಹಾಗಾದರೆ ಗೋಡೆ ಮೊದಲ ವರ್ಷ ಒಣಗಿದಂತೆ ಕಂಡದ್ದೇಕೆ? ಸಿಮೆಂಟು ಗಿಲಾವು ತೇವವನ್ನು ಮರೆಮಾಡಿತ್ತು, ಅಷ್ಟೇ. ಆಮೇಲೆ ಅದು ಗಿಲಾವು ಮುಗಿಯುವ ಕಡೆ, ಸೊಂಟದೆತ್ತರದಲ್ಲಿ, ಹೊಸದಾಗಿ ಮೂಡಿತು. ಕಂಪನಿಯವರು ಗ್ಯಾರಂಟಿ ಇರುವುದು ಇಂಜೆಕ್ಷನ್ನಿಗೆ, ಇದು ‘ಕಂಡೆನ್ಸೇಶನ್’ (ಒಳಗಿನ ಹಬೆ ತಣ್ಣನೆ ಗೋಡೆಗೆ ತಾಗಿ ನೀರಾಗುವುದು), ಕಿಟಕಿ ತೆರೆದಿಡಿ ಅಂದರು.

ನಿಜವಾದ ಕಾರಣಗಳು ಎಷ್ಟು ಸಪ್ಪೆ ಅಂದರೆ ಬರೆಯಲು ನಾಚಿಕೆಯಾಗುತ್ತದೆ. ಹಿಂದಿನ ಯಾರೋ ಹಿತ್ತಲಿನ ಅಂಗಳದ ಹಾಸುಗಲ್ಲಿನ ಮೇಲೇ ಕಾಂಕ್ರೀಟು ಸುರಿದಿದ್ದರು, ಅಂಗಳದ ಮಟ್ಟ ಒಳಗಿನ ನೆಲಕ್ಕಿಂತ ಮೇಲೆ ಬಂದಿತ್ತು. ನಮ್ಮ ಮನೆಗೂ ಪಕ್ಕದ ಮನೆಗೂ ಸೇರಿದ ಸೂರಿನ ಗಟರ್ ಕೂಡುವ ಕಡೆ ಸೋರುತ್ತಿತ್ತು. ಒಲೆಗೂಡನ್ನು ಪ್ಲೈವುಡ್ ಹೊಡೆದು ಮುಚ್ಚಿ, ಚಿಮಣಿ ತಲೆಗೂ ಗಾಳಿಯಾಡದಂತೆ ಮುಚ್ಚಳ ಹಾಕಿದ್ದರು. ಹಿಂದೆ ಕೋಣೆ ಕೋಣೆಯಲ್ಲೂ ಕಲ್ಲಿದ್ದಲು ಉರಿಯುತ್ತಿತ್ತು, ತೇವದ ಗಾಳಿಯನ್ನೆಲ್ಲ ಚಿಮಣಿ ಎಳೆದುಕೊಳ್ಳುತ್ತಿತ್ತು. ಆ ಮನೆಯೊಳಗೆ ನಾವು ಬಂದು ಕಿಟಕಿ ಬಿಗಿಯಾಗಿ ಹಾಕಿ, ಮೂರು ಹೊತ್ತು ಅನ್ನ ಸಾರು ಕುದಿಸಿ, ರೇಡಿಯೇಟರ್ ಮೇಲೆ ಬಟ್ಟೆ ಒಣಗಿಸಿದರೆ ಆ ಹಬೆ ಎಲ್ಲಿಗೆ ಹೋಗಬೇಕು? ಕಂಪನಿಯವರು ಹೇಳಿದ ಕೊನೆಯ ಮಾತು ಅಷ್ಟರಮಟ್ಟಿಗೆ ನಿಜ. ಮೊದಲೇ ಹೇಳಿದ್ದರೆ ಮಾರಲು ಅವರ ಬಳಿ ಏನೂ ಇರುತ್ತಿರಲಿಲ್ಲ.

ಇದರ ಮೇಲೆ ಕಾನೂನು. ನಮ್ಮ ಮನೆ ಕಾನೂನಿನ ರಕ್ಷಣೆ ಇರುವ ಐತಿಹಾಸಿಕ ಕಟ್ಟಡಗಳ ಗ್ರೇಡ್ ಟು ಪಟ್ಟಿಯಲ್ಲಿದೆ. 1990ರ ಕಾಯ್ದೆ ಪ್ರಕಾರ ಅಂಥ ಕಟ್ಟಡದ ಸ್ವರೂಪ ಬದಲಿಸುವ ಕೆಲಸವನ್ನು, ಒಳಗಿನದಾದರೂ ಸರಿ, ಅನುಮತಿಯಿಲ್ಲದೆ ಮಾಡಿದರೆ ಅಪರಾಧ. ಹಳೆ ಸುಣ್ಣದ ಗಿಲಾವು ಕೆತ್ತಿ ಎಸೆಯುವುದೂ ಅದರೊಳಗೆ ಬರುತ್ತದೆ. ಅರ್ಜಿಗೆ ಶುಲ್ಕವೇ ಇಲ್ಲ, ಆದರೂ ನಾನು ಹಾಕಿರಲಿಲ್ಲ; ‘ಒಳಗಿನ ಕೆಲಸ ಯಾರು ನೋಡ್ತಾರೆ’ ಅಂದಿದ್ದ ಗುತ್ತಿಗೆದಾರನ ಮಾತು ಹಿತವಾಗಿತ್ತು. ಇನ್ನೊಂದು, ಹಿಂದಿನ ಮಾಲೀಕ ಮಾಡಿದ್ದನ್ನು ಸರಿಪಡಿಸುವ ಹೊಣೆಯೂ ಮನೆಯ ಜೊತೆಗೇ ನಿಮಗೆ ಬರುತ್ತದೆ, ಅದಕ್ಕೆ ಕಾಲಮಿತಿ ಇಲ್ಲ. ಪುಣ್ಯಕ್ಕೆ ಕೌನ್ಸಿಲ್‌ನಿಂದ ಬಂದ ಸಂರಕ್ಷಣಾಧಿಕಾರಿ ಬೈಯುವ ಬದಲು ಹೇಗೆ ಬಿಚ್ಚಬೇಕು ಅಂತ ಹೇಳಿಕೊಟ್ಟರು. ಸಿಮೆಂಟನ್ನು ಕೈ ಉಳಿಯಲ್ಲಿ ಬಿಡಿಸುವ ಕೂಲಿ, ಅದನ್ನು ತುಂಬಿಸಿದ ಕೂಲಿಗಿಂತ ಎಷ್ಟೋ ಹೆಚ್ಚು. ಧಾರವಾಡದಲ್ಲಿ ನಮ್ಮಜ್ಜ ಮನೆಗೆ ಗಾರೆ ಅರೆಸುವಾಗ ಪಕ್ಕದಲ್ಲೇ ಆಡಿ ಬೆಳೆದವನು ನಾನು. ಸುಣ್ಣದ ಗೋಡೆ ಉಸಿರಾಡುತ್ತದೆ ಅಂತ ಇಂಗ್ಲಿಷಿನವನಿಂದ ಪಾಠ ಹೇಳಿಸಿಕೊಂಡೆ.

ನಿಮ್ಮ ಪ್ರಶ್ನೆಗೆ ಬಂದರೆ, ‘ಹಳೆಯದೋ ಹೊಸದೋ’ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಹಳೆ ಮನೆ ತೇವದ ಮನೆ, ಹೊಸ ಮನೆ ಒಣ ಮನೆ ಅಂತ ಇಟ್ಟುಕೊಂಡು ಹೊರಟಿದ್ದೀರಿ. ನಿಮ್ಮ ಲೆಸ್ಟರ್ ಮನೆ ನನ್ನದಕ್ಕಿಂತ ಒಳ್ಳೆಯ ಕಾಲದ್ದು. 1875ರ ಸಾರ್ವಜನಿಕ ಆರೋಗ್ಯ ಕಾಯ್ದೆಯ ನಂತರ ಊರೂರಿನ ಪುರಸಭೆಗಳು ರಸ್ತೆ ಅಗಲ, ಹಿತ್ತಲು, ಚರಂಡಿ ಎಲ್ಲಕ್ಕೂ ನಿಯಮ ಮಾಡಿದವು. ಆ ನಿಯಮದಡಿ ಕಟ್ಟಿದ ಸಾಲುಗಳಲ್ಲಿ ಬುಡದಲ್ಲೇ ಸ್ಲೇಟಿನ ತೇವತಡೆ ಪದರ ಇರುವ ಸಾಧ್ಯತೆ ಚೆನ್ನಾಗಿದೆ. ಹಾಗಿದ್ದರೆ ಇನ್ನೊಂದನ್ನು ಚುಚ್ಚುವುದು ಯಾತಕ್ಕೆ?

ಹೋಗಿ ನೋಡುವಾಗ ಮೀಟರು ಬೇಡ, ಕಣ್ಣು ಸಾಕು. ಇಟ್ಟಿಗೆಯ ಉದ್ದ ಮುಖ, ಗಿಡ್ಡ ಮುಖ ಒಂದಾದ ಮೇಲೊಂದು ಕಾಣುತ್ತಿದ್ದರೆ ಒಂಬತ್ತಿಂಚಿನ ಗಟ್ಟಿ ಗೋಡೆ ಅಂದುಕೊಳ್ಳಿ. ಸಂದಿನಲ್ಲಿ ಬೂದು ಬಣ್ಣದ, ಗಾಜಿನಷ್ಟು ಗಡಸು ಗಾರೆ ಇದ್ದು ಇಟ್ಟಿಗೆ ಮುಖ ಉದುರುತ್ತಿದ್ದರೆ ಸಿಮೆಂಟು. ನೆಲಮಟ್ಟದ ಹತ್ತಿರ ತೂತಿನ ಗಾಳಿ ಇಟ್ಟಿಗೆ ಇರಬೇಕು, ಮರದ ನೆಲದ ಕೆಳಗೆ ಗಾಳಿಯಾಡುವುದು ಅದರಿಂದ. ಅದನ್ನು ಮಣ್ಣೋ ಕಾಂಕ್ರೀಟೋ ಮುಚ್ಚಿದ್ದರೆ ನಿಮ್ಮ ತೇವದ ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಸುರಿವ ಮಳೆಯಲ್ಲೊಮ್ಮೆ ಹೋಗಿ ಗಟರ್ ನೋಡಿ. ಏಜೆಂಟ್ ವಿಚಿತ್ರವಾಗಿ ನೋಡುತ್ತಾನೆ, ನೋಡಲಿ.

ಹೊಸ ಬಡಾವಣೆಯ ಬಗ್ಗೆ ಹೆಚ್ಚು ಹೇಳಲಾರೆ, ನಾನು ಅಲ್ಲಿ ಬಾಳಿಲ್ಲ. ಗ್ಯಾರೇಜಿನಲ್ಲಿ ಕಾರು ಹಿಡಿಸುವುದಿಲ್ಲ ಅನ್ನುವುದು ಗೆಳೆಯರ ದೂರು.

ಇಂಜೆಕ್ಷನ್ ಮಾರದ, ಹಳೆ ಕಟ್ಟಡ ಬಲ್ಲ ಸರ್ವೇಯರನ್ನು ನೀವೇ ದುಡ್ಡು ಕೊಟ್ಟು ಕರೆಸಿ. 2022ರಲ್ಲಿ ಪಾರಂಪರಿಕ ಕಟ್ಟಡಗಳ ರಕ್ಷಣೆ ನೋಡಿಕೊಳ್ಳುವ ಹಿಸ್ಟಾರಿಕ್ ಇಂಗ್ಲೆಂಡ್ ಸಂಸ್ಥೆ ಮತ್ತು ಸರ್ವೇಯರ್‌ಗಳ ಸಂಘ ಆರ್‌ಐಸಿಎಸ್, ತೇವ ನಿವಾರಣೆ ಉದ್ಯಮದ ಸಂಘವನ್ನೂ ಸೇರಿಸಿಕೊಂಡು, ಹಳೆ ಕಟ್ಟಡದ ತೇವವನ್ನು ಹೇಗೆ ತನಿಖೆ ಮಾಡಬೇಕು ಅಂತ ಜಂಟಿ ಹೇಳಿಕೆ ಹೊರಡಿಸಿವೆ. ನೀವು ಕರೆಸುವ ಸರ್ವೇಯರಿಗೆ ಅದು ಗೊತ್ತಿದೆಯಾ ಕೇಳಿ. ಆ ಮನೆ ಸಂರಕ್ಷಣಾ ವಲಯದಲ್ಲಿ, ಅಂದರೆ ಹಳೆ ಸ್ವರೂಪ ಉಳಿಸಲು ಗುರುತಿಸಿದ ಪ್ರದೇಶದಲ್ಲಿ ಇದೆಯೋ ಅಂತ ಕೌನ್ಸಿಲ್ ಜಾಲತಾಣದಲ್ಲಿ ನೋಡಿಕೊಳ್ಳಿ. ಮಾರುವವರಿಗೆ ಇಂಜೆಕ್ಷನ್ ಬೇಡ, ಅದರ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ ಅನ್ನಿ, ಮಾತುಕತೆ ಮುಗಿಯುವ ಮೊದಲು ಅವರು ಗೋಡೆ ಮುಟ್ಟದಂತೆ ವಕೀಲರಿಂದ ಬರೆಸಿ. ಸುಣ್ಣದ ಕೆಲಸ ಮಾಡಿಸುವುದಾದರೆ ಏಪ್ರಿಲ್ ಕಳೆಯಲಿ. ಹಸಿ ಸುಣ್ಣ ಹಿಮ ತಡೆಯುವುದಿಲ್ಲ, ಒಳ್ಳೆಯ ಮೇಸ್ತ್ರಿಗಳು ಬೇಸಿಗೆಗೆ ಮೊದಲೇ ಬುಕ್ ಆಗಿರುತ್ತಾರೆ.