ಇಳಿಜಾರಿನಲ್ಲಿ ನ್ಯೂಟ್ರಲ್ ಬೇಡ

ಪ್ರಶ್ನೆ: ಬದಿಯಡ್ಕದಿಂದ ಕಾಸರಗೋಡಿಗೆ ದಿನವೂ ಪೆಟ್ರೋಲ್ ಕಾರಿನಲ್ಲಿ ಹೋಗಿಬರುತ್ತೇನೆ. ಇಂಧನ ಉಳಿಸಿ ಹೊಗೆ ತಗ್ಗಿಸಲೆಂದು ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕುವುದು ಸರಿಯೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಒಂದು ಲೀಟರ್ ಪೆಟ್ರೋಲ್ ಉರಿದಾಗ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುವುದರಿಂದ ನಿಮ್ಮ ಕಾಳಜಿ ಯೋಗ್ಯವಾದುದೇ. ಆದರೆ ಈ ಅಭ್ಯಾಸವನ್ನು ದಯವಿಟ್ಟು ಬಿಡಿ. ಈಗಿನ ಫ್ಯುಯೆಲ್ ಇಂಜೆಕ್ಷನ್ ಕಾರುಗಳಲ್ಲಿ, ಗಾಡಿ ಗೇರಿನಲ್ಲಿರುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಚಕ್ರಗಳೇ ಎಂಜಿನನ್ನು ತಿರುಗಿಸುವುದರಿಂದ ಇಂಧನದ ಪೂರೈಕೆ ಬಹುತೇಕ ನಿಂತೇ ಹೋಗುತ್ತದೆ. ನ್ಯೂಟ್ರಲ್‌ನಲ್ಲಾದರೋ ಪೆಟ್ರೋಲ್ ಉರಿಯುತ್ತಲೇ ಇರುತ್ತದೆ, ಜೊತೆಗೆ ಎಂಜಿನ್ನಿನ ಹಿಡಿತ ತಪ್ಪಿ ಬ್ರೇಕಿನ ಮೇಲೆ ಭಾರ ಬೀಳುತ್ತದೆ. ನಮ್ಮೂರ ಮಳೆಗಾಲದ ರಸ್ತೆಗಳಲ್ಲಿ ಇದು ನಿಜವಾಗಿಯೂ ಅಪಾಯಕಾರಿ. ಟಯರಿನ ಗಾಳಿಯನ್ನು ತಿಂಗಳಿಗೊಮ್ಮೆಯಾದರೂ, ಟಯರ್ ತಣ್ಣಗಿರುವಾಗಲೇ, ಕಾರಿನ ಕೈಪಿಡಿಯಲ್ಲಿರುವ ಅಳತೆಗೆ ಸರಿಹೊಂದಿಸಿ. ಗಾಳಿ ಕಡಿಮೆಯಾದಷ್ಟೂ ಇಂಧನ ಹೆಚ್ಚು ಬೇಕಾಗುತ್ತದೆ. ಹೆದ್ದಾರಿಯಲ್ಲಿ ವಾಹನಗಳ ಸಾಲು ಬಹಳ ಹೊತ್ತು ನಿಂತರೆ ಎಂಜಿನ್ ಆರಿಸಿ.