ತೊಟ್ಟಿ ಬೇಕು, ಸೊಳ್ಳೆ ಬೇಡ

ಪ್ರಶ್ನೆ: ಮೇಡಂ, ನಮ್ದು ಮೈಸೂರಲ್ಲಿ 40×60 ಸೈಟು, ರಸ್ತೆ ಪಶ್ಚಿಮಕ್ಕಿದೆ. ನಾವಿಬ್ರು, ಎರಡು ಮಕ್ಕಳು, ಅತ್ತೆ ಇರ್ತೀವಿ, ಅತ್ತೆಗೆ ಮಂಡಿ ನೋವು. ಒಳಗೂ ಹೊರಗೂ ಒಂದೇ ಥರ ಅನ್ನಿಸ್ಬೇಕು ಅಂದಿದ್ದಕ್ಕೆ ಇಂಜಿನಿಯರ್ ಹಾಲ್‌ನಿಂದ ರಸ್ತೆ ಕಡೆ 12 ಅಡಿ ಗಾಜಿನ ಸ್ಲೈಡಿಂಗ್ ಡೋರ್ ಇಟ್ಟು ಪ್ಲಾನ್ ಕೊಟ್ಟಿದ್ದಾರೆ. ನಂಗೆ ಅಜ್ಜಿ ಊರಿನ ತೊಟ್ಟಿ ಮನೆ ಥರ, ನಡುವೆ ಆಕಾಶಕ್ಕೆ ತೆರೆದ ಅಂಗಳ ಇರೋ ಮನೆ ಬೇಕು ಅಂತ ಆಸೆ. ಯಜಮಾನ್ರು ಮಳೆ, ಸೊಳ್ಳೆ, ಕಳ್ಳರು ಅಂತ ಬೇಡ ಅಂತಿದ್ದಾರೆ. ಏನ್ ಮಾಡೋದು?

ಉತ್ತರ: ಮೊದ್ಲು ಆ ಗಾಜಿನ ಬಾಗಿಲು ಅಲ್ಲಿಂದ ತೆಗೆಸಿ. ಪಶ್ಚಿಮದ ಬಿಸಿಲು ಮಧ್ಯಾಹ್ನ 3 ಗಂಟೆ ಮೇಲೆ ಕೆಳಗಿಳಿದು ನೇರ ಒಳಗೆ ನುಗ್ಗುತ್ತೆ, 2 ಅಡಿ ಚಜ್ಜಾ ಹಾಕಿದ್ರೂ ಅದು ನಿಲ್ಲಲ್ಲ. ಮಾರ್ಚ್ ಬಂತು ಅಂದ್ರೆ ನೀವೇ ಕರ್ಟನ್ ಎಳೀತೀರಿ, ರಸ್ತೇಲಿ ಓಡಾಡೋರು ಕಾಣ್ತಾರೆ ಅಂತ ರಾತ್ರಿನೂ ಎಳೀತೀರಿ, ಅಷ್ಟು ದುಡ್ಡು ಹಾಕಿ ಮಾಡ್ಸಿದ ಬಾಗಿಲು ವರ್ಷಪೂರ್ತಿ ಬಟ್ಟೆ ಹಿಂದೆ ಇರುತ್ತೆ. ಇಂಥ ಮನೆಗಳನ್ನ ನಾನು ತುಂಬಾ ನೋಡಿದೀನಿ, ನೋಡಿದಾಗೆಲ್ಲ ಬೇಜಾರಾಗುತ್ತೆ. ಆ ಪಶ್ಚಿಮದ ಕಡೆ ಕಾರ್ ನಿಲ್ಸೋ ಜಾಗ, ಮೆಟ್ಟಿಲು, ಒಂದು 8 ಅಡಿ ಅಗಲದ ಜಗಲಿ ಇಡಿ, ಬಿಸಿಲನ್ನ ಅವೇ ತಡೀಲಿ.

ಒಳಗೂ ಹೊರಗೂ ಸೇರೋದು ಗಾಜಿಂದ ಅಲ್ಲ ಕಣ್ರೀ, ಮಧ್ಯದಲ್ಲಿ ಕೂರೋಕೆ ಒಂದು ಜಾಗ ಇರೋದ್ರಿಂದ. ನಿಮ್ಮಜ್ಜಿ ಮನೇಲಿ ಅಕ್ಕಿ ಆರಿಸ್ತಿದ್ದದ್ದು, ಹೂ ಕಟ್ತಿದ್ದದ್ದು, ಮಕ್ಕಳು ಬಿದ್ದುಕೊಂಡು ಓದ್ತಿದ್ದದ್ದು ಎಲ್ಲಿ ಅಂತ ನೆನಪು ಮಾಡ್ಕೊಳ್ಳಿ. ರೂಮಲ್ಲೂ ಅಲ್ಲ, ಅಂಗಳದಲ್ಲೂ ಅಲ್ಲ, ತೊಟ್ಟಿ ಸುತ್ತ ಇದ್ದ ಜಗಲೀಲಿ. ಹಾಗಾಗಿ ನಿಮ್ಮಾಸೆ ಸರಿಯಾಗೇ ಇದೆ, ತೊಟ್ಟಿ ಮಾಡ್ಸಿ.

ಆದ್ರೆ ಹಳೇ ತೊಟ್ಟಿ ಯಾಕೆ ಚೆನ್ನಾಗಿತ್ತು ಅಂತ ತಿಳ್ಕೊಂಡು ಮಾಡ್ಸಿ. ಸೂರು ಇಳಿಜಾರಾಗಿ ಕೆಳಗಿನ ತನಕ ಬಂದಿರ್ತಿತ್ತು, ಮಳೆ ನೀರು ತೊಟ್ಟಿ ಒಳಗೇ ಬೀಳ್ತಿತ್ತು, ಜಗಲಿ ಒದ್ದೆ ಆಗ್ತಿರ್ಲಿಲ್ಲ. ಈಗ ಏನ್ಮಾಡ್ತಾರೆ, ಮೋಲ್ಡಿಂಗ್‌ನಲ್ಲಿ ಚೌಕವಾಗಿ ಒಂದು ತೂತು ಬಿಟ್ಟು ಇದೇ ತೊಟ್ಟಿ ಅಂತಾರೆ, ಮೊದಲ ಮಳೆಗೇ ಎರಚಲು ಸೋಫಾ ಮೇಲಿರುತ್ತೆ. ಆಕಾಶಕ್ಕೆ 10×10 ಅಡಿ ಬಿಡಿ, ಸುತ್ತ 3 ಅಡಿ ಹೆಂಚಿನ ಸೂರು ಇಳಿಸಿ. 1865ರಲ್ಲಿ ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಸಂಸ್ಥೆಯವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರು ಮಾಡಿದ ಮೇಲೆ ಬಂದ ಅದೇ ಮಂಗಳೂರು ಹೆಂಚು, ಹಳೇ ಮನೆ ಕೆಡವಿದ ಕಡೆ ಈಗ್ಲೂ ಸಿಗುತ್ತೆ. ಒಂದೊಂದನ್ನೂ ಬೆರಳಲ್ಲಿ ತಟ್ಟಿ ನೋಡಿ ತಗೊಳ್ಳಿ, ಟಣ್ ಅನ್ನಬೇಕು, ಮಂಕಾಗಿ ಸದ್ದು ಬಂದ್ರೆ ಬಿರುಕಿದೆ ಅಂತ ಅರ್ಥ. ಮೊದಲ ಮಹಡಿ ಕಟ್ಟೋದಾದ್ರೆ ತೊಟ್ಟಿಯ ಪೂರ್ವದ ಕಡೆಯೊಂದನ್ನ ಎತ್ತರ ಮಾಡದೆ ಹಾಗೇ ಬಿಡಿ, ನಾಲ್ಕೂ ಕಡೆ 20 ಅಡಿ ಗೋಡೆ ಎದ್ರೆ ಬೆಳಗಿನ ಎಳೆ ಬಿಸಿಲು ಇಳಿಯಲ್ಲ, ಬಾವಿ ಒಳಗೆ ಕೂತಂಗಾಗುತ್ತೆ.

ಯಜಮಾನ್ರ ಭಯಾನೂ ತಳ್ಳಿಹಾಕೋ ಹಾಗಿಲ್ಲ. 10×10 ಅಡಿ ಜಾಗದಲ್ಲಿ 50 ಮಿಲಿಮೀಟರ್ ಮಳೆ ಬಂದ್ರೆ ಸುಮಾರು 465 ಲೀಟರ್ ನೀರು, ಸೂರಿಂದ ಇಳಿಯೋದು ಅದರ ಮೇಲೆ. ಹಾಗಾಗಿ ತೊಟ್ಟಿ ನೆಲ ಜಗಲಿಗಿಂತ ಅರ್ಧ ಅಡಿ ಕೆಳಗಿರ್ಲಿ, 8 ಅಡಿಗೆ 1 ಇಂಚು ಇಳಿಜಾರು ಕೊಡಿ, 4 ಇಂಚಿನ ಪೈಪ್ ಎರಡು ಹಾಕ್ಸಿ, ಒಂದು ನೆಲದ ಮಟ್ಟದಲ್ಲಿ, ಇನ್ನೊಂದು 2 ಇಂಚು ಮೇಲೆ, ಎಲೆ ಕಟ್ಟಿ ಒಂದು ನಿಂತ್ರೂ ಇನ್ನೊಂದು ಕಾಪಾಡುತ್ತೆ. ಜಾಲರಿ ಕೈಯಲ್ಲಿ ಎತ್ತೋ ಹಾಗಿರ್ಬೇಕು. ಕಲ್ಲು ಹಾಸೋಕೆ ಮುಂಚೆ ಒಂದು ಡ್ರಮ್ ನೀರು ಸುರಿಸಿ ಎಲ್ಲಿ ನಿಲ್ಲುತ್ತೆ ಅಂತ ಮೇಸ್ತ್ರಿ ಜೊತೆ ನಿಂತು ನೋಡಿ, ಆಮೇಲೆ ಒಡೆಯೋದು ತುಂಬಾ ಕಷ್ಟ.

ನೀರು ನಿಲ್ಲದಿದ್ರೆ ಅರ್ಧ ಸೊಳ್ಳೆ ಸಮಸ್ಯೆ ಅಲ್ಲೇ ಮುಗೀತು. ಡೆಂಗಿ ಸೊಳ್ಳೆ ಮೊಟ್ಟೆ ಇಡೋದೇ ನಿಂತ ತಿಳಿ ನೀರಲ್ಲಿ, ಸುಮಾರು 8-10 ದಿನದಲ್ಲಿ ಹಾರೋ ಸೊಳ್ಳೆ ಆಗುತ್ತೆ, ಅದಕ್ಕೇ ಕಮಲದ ಕುಂಡ ಇಡೋ ಆಸೆ ಇದ್ರೆ ಸೊಳ್ಳೆ ಮರಿ ತಿನ್ನೋ ಗಪ್ಪಿ ಮೀನು ಬಿಡಿ. ಹೊರಗಿಂದ ಬರೋ ಸೊಳ್ಳೆಗೆ ಅಂತ ತೊಟ್ಟಿ ಮೇಲೆ ಮೆಶ್ ಹಾಕ್ಬೇಡಿ, ಎಲೆ ಧೂಳು ಕಟ್ಟಿ ಗಾಳಿನೂ ಹೋಗುತ್ತೆ. ಹಾಲ್‌ಗೂ ತೊಟ್ಟಿಗೂ ನಡುವೆ ನಿಮ್ಮ ಇಂಜಿನಿಯರ್ ಹೇಳಿದ ಅದೇ ಸ್ಲೈಡಿಂಗ್ ಡೋರ್ ಬರ್ಲಿ, ತ್ರೀ ಟ್ರ್ಯಾಕ್‌ದು, ಎರಡರಲ್ಲಿ ಗಾಜು ಒಂದರಲ್ಲಿ ಮೆಶ್. ಸಂಜೆ ದೀಪ ಹಚ್ಚೋ ಹೊತ್ತಿಗೆ ಮೆಶ್ ಎಳ್ಕೊಂಡ್ರೆ ಆಯ್ತು.

ಕಳ್ಳರಿಗೆ, ಮೈಸೂರಲ್ಲಾದ್ರೆ ಕೋತಿಗೂ, ಮೇಲೆ 12 ಎಂಎಂ ಸರಳಿನ ಗ್ರಿಲ್ ಹಾಕ್ಸಿ, ಪ್ಲಾಸ್ಟರಿಂಗ್‌ಗೆ ಮುಂಚೆನೇ ಕಾಂಕ್ರೀಟ್ ಒಳಗೆ ಕೂರಿಸಿ. ಅದರ ಮೇಲೆ ಪಾಲಿಕಾರ್ಬೊನೇಟ್ ಶೀಟ್, ಅಂದ್ರೆ ಬೆಳಕು ಬಿಡೋ ಪ್ಲಾಸ್ಟಿಕ್ ಹಾಳೆ, ಹಾಸೋಣ ಅಂತ ಯಾರಾದ್ರೂ ಖಂಡಿತ ಹೇಳ್ತಾರೆ. ಒಪ್ಪಬೇಡಿ, ಬಿಸಿ ಗಾಳಿ ಮೇಲೆ ಹೋಗೋ ದಾರಿನೇ ಅದು, ಮುಚ್ಚಿದ್ರೆ ಮನೆ ಒಲೆ ಆಗುತ್ತೆ. ಮುಚ್ಚಲೇಬೇಕು ಅಂದ್ರೆ ಒಂದೂವರೆ ಅಡಿ ಮೇಲೆತ್ತಿ ನಾಲ್ಕೂ ಬದಿ ತೆರೆದಿಡಿ.

ಅತ್ತೆಗೋಸ್ಕರ ಹಾಲ್ ನೆಲ, ಜಗಲಿ ನೆಲ ಒಂದೇ ಮಟ್ಟ ಇರ್ಲಿ, ಮಧ್ಯೆ ಮೆಟ್ಟಿಲು ಹೊಸ್ತಿಲು ಬೇಡ. ತೊಟ್ಟಿ ಅಂಚಿಗೆ ಬೇರೆ ಬಣ್ಣದ ಕಲ್ಲಿನ ಪಟ್ಟಿ ಹಾಕ್ಸಿ, ಅಲ್ಲಿ ತಗ್ಗಿದೆ ಅಂತ ಕಣ್ಣಿಗೆ ಬೀಳುತ್ತೆ, ಒಂದು ಕಡೆ ಹಿಡ್ಕೊಳ್ಳೋಕೆ ಕಂಬಿ ಕೊಡಿ. ಪಾಲಿಶ್ ಟೈಲ್ಸ್ ಇಲ್ಲಿ ಬೇಡವೇ ಬೇಡ, ಒರಟಾದ ಗ್ರಾನೈಟ್ ಅಥವಾ ಪಾಲಿಶ್ ಇಲ್ಲದ ಕಡಪ ಕಲ್ಲು ಹಾಕಿ. ಕೂರೋಕೆ ಒಂದು 18 ಇಂಚಿನ ಕಟ್ಟೆ ಕಟ್ಟಿಸಿ, ಅದಕ್ಕಿಂತ ತಗ್ಗಾದ್ರೆ ಅವರಿಗೆ ಏಳೋದು ಕಷ್ಟ.

ಪ್ರಶ್ನೆ: ನಮ್ದು ಶಿರಸಿ ಹತ್ರ. ನಾವೂ ತೆರೆದ ತೊಟ್ಟಿ ಮಾಡಬಹುದಾ?

ಉತ್ತರ: ನಿಮ್ಮ ಕಡೆ ಮಳೆಗೆ ನಾನು ಹೇಳೋದು ಬೇಡ ಅಂತಲೇ. ಮೈಸೂರಿನ ಲೆಕ್ಕ ಬೇರೆ, ನಿಮ್ಮದು ಬೇರೆ. ತೊಟ್ಟಿ ಬದಲು 10 ಅಡಿ ಅಗಲದ ಜಗಲಿ ಮಾಡಿ ಅಂಗಳದ ಕಡೆ ತೆರೆದಿಡಿ. ಮಳೆಗಾಲದಲ್ಲಿ ಅಡಿಕೆ ಸೋಗೆ ತಟ್ಟಿ ಕಟ್ಟಿ ಎರಚಲು ತಡೀತಿದ್ರಲ್ಲ, ಅದಕ್ಕಿಂತ ಒಳ್ಳೇದು ಇನ್ನೂ ಬಂದಿಲ್ಲ ಅಂತ ನನ್ನ ಅಭಿಪ್ರಾಯ, ಕಟ್ಟೋಕೆ ಕೊಕ್ಕೆಗಳನ್ನ ಈಗಲೇ ತೊಲೆಗೆ ಹಾಕಿಸಿಡಿ.

ಪ್ರಶ್ನೆ: ಬೆಂಗಳೂರಲ್ಲಿ 20×30 ಸೈಟು, ಸುತ್ತ ಗೋಡೆಗಳೇ. ನಮಗೆ ಅಂಗಳದ ಆಸೆ ಬಿಡೋದೇನಾ?

ಉತ್ತರ: ಬಿಡಬೇಡಿ, ಮನೇನ ಉಲ್ಟಾ ಮಾಡಿ. ಮಲಗೋ ಕೋಣೆಗಳು ಕೆಳಗೆ, ಅಡಿಗೆಮನೆ ಮತ್ತೆ ಹಾಲ್ ಮೇಲಿನ ಮಹಡೀಲಿ, ಅದಕ್ಕೆ ತಾಗಿಕೊಂಡು ಟೆರೇಸ್. ಕೆಳಗಿನ ಬೆಳಕು ಗಾಳಿ ಪಕ್ಕದ ಮನೆ ಗೋಡೆ ತಿಂದ್ರೂ ಮೇಲೆ ಆಕಾಶ ನಿಮ್ದೇ. ಅಡಿಗೆ ಮಾಡ್ತಾ ಕೈ ಚಾಚಿದ್ರೆ ಕರಿಬೇವು ಸಿಗುತ್ತೆ, ಹಪ್ಪಳ ಒಣಗಿಸೋಕೂ ಮೆಟ್ಟಿಲು ಹತ್ತಬೇಕಿಲ್ಲ. ದಿನಸಿ, ಸಿಲಿಂಡರ್ ಮೇಲೆ ಹೊರೋದು ಮಾತ್ರ ಕಷ್ಟಾನೇ, ಅದಕ್ಕೆ ಮೆಟ್ಟಿಲು 3 ಅಡಿಗಿಂತ ಕಿರಿದು ಮಾಡ್ಬೇಡಿ, ಮನೇಲಿ ವಯಸ್ಸಾದವರಿದ್ರೆ ಒಂದು ಸಣ್ಣ ಲಿಫ್ಟ್‌ಗೆ ಈಗಲೇ ಜಾಗ ಬಿಟ್ಟು ಮೋಲ್ಡಿಂಗ್ ಹಾಕ್ಸಿ.