ಅತ್ತರೆ ಅತ್ತೆಯೇ ಬೇಕು

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಸಲಹೆ ಕೇಳಿ ನನ್ನ ಬಳಿ ಬಂದಾಗ, ಹೆರಿಗೆ ರಜೆ ಮುಗಿಸಿ ಆಕೆ ಕೆಲಸಕ್ಕೆ ಮರಳಿ ನಾಲ್ಕು ತಿಂಗಳಾಗಿತ್ತು. ಮಗನಿಗೆ 11 ತಿಂಗಳು. ಹಗಲು ನೋಡಿಕೊಳ್ಳುವವರು ಅತ್ತೆ.

"ಹೊತ್ತಿದ್ದು ನಾನು, ಹೆತ್ತಿದ್ದು ನಾನು, ಹಾಲು ಕೊಡ್ತಿರೋದೂ ನಾನೇ. ಬಿದ್ದು ಅತ್ತರೆ ಮಾತ್ರ ಅವನಿಗೆ ಅತ್ತೇನೇ ಬೇಕು ಮೇಡಂ."

ಸಂಜೆ ಬಾಗಿಲಲ್ಲಿ ನಿಂತು ಕೈಚಾಚಿದರೆ ಮುಖ ತಿರುಗಿಸಿ ಅಜ್ಜಿಯ ಹೆಗಲಲ್ಲಿ ಹುದುಗುತ್ತಾನಂತೆ. ಅತ್ತೆಯ ಮೇಲೆ ದೂರೇನೂ ಇಲ್ಲ. ಒಳ್ಳೆಯ ಅತ್ತೆ. ದೂರಲು ಯಾರೂ ಸಿಗದ ಸಂಕಟ ಇನ್ನೂ ಕಷ್ಟ.

ಹಾಲಿಗೂ ಈ ನಂಟಿಗೂ ನಾವು ಅಂದುಕೊಂಡಷ್ಟು ಸಂಬಂಧವಿಲ್ಲ ಎಂದೆ. 1958ರಲ್ಲಿ ಅಮೆರಿಕದ ಮನೋವಿಜ್ಞಾನಿ ಹ್ಯಾರಿ ಹಾರ್ಲೋ ಪ್ರಕಟಿಸಿದ ಪ್ರಯೋಗದಲ್ಲಿ, ತಾಯಿಯಿಂದ ಬೇರ್ಪಡಿಸಿದ ಕೋತಿಮರಿಗಳಿಗೆ ಎರಡು ಬೊಂಬೆ ತಾಯಂದಿರಿದ್ದವು. ತಂತಿಯ ತಾಯಿಯಿಂದ ಹಾಲು ಸಿಗುತ್ತಿದ್ದರೂ ಮರಿಗಳು ದಿನದ ಹೆಚ್ಚಿನ ಹೊತ್ತು ಬಟ್ಟೆಯ ತಾಯಿಯನ್ನೇ ಅಪ್ಪಿಕೊಂಡಿರುತ್ತಿದ್ದವು. ಹೆದರಿದಾಗ ಓಡಿದ್ದೂ ಅಲ್ಲಿಗೇ. (ಆ ಮರಿಗಳ ಪಾಡು ನೆನೆದರೆ ಇಂದಿಗೂ ಮನಸ್ಸು ಮುದುಡುತ್ತದೆ.) ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಇದರ ಬೇರನ್ನು ಜೀವವಿಕಾಸದಲ್ಲಿ ಹುಡುಕಿದರು. ಓಡಲಾರದ ಕೂಸು ಒಂಟಿಯಾದರೆ, ಹಸಿವು ಕೊಲ್ಲುವ ಮೊದಲೇ ಕಾಡುಪ್ರಾಣಿ ಕೊಲ್ಲುತ್ತಿತ್ತು. ಅತ್ತು ಕರೆದ, ಬಿಡದೆ ಅಂಟಿಕೊಂಡ ಕೂಸುಗಳೇ ಹೆಚ್ಚಾಗಿ ಉಳಿದವು.

ಆದರೆ ಯಾರಿಗೆ ಅಂಟಿಕೊಳ್ಳಬೇಕು? ಚಿಂಪಾಂಜಿ ತಾಯಿ ಮೊದಲ ತಿಂಗಳುಗಳಲ್ಲಿ ಮರಿಯನ್ನು ಸಾಮಾನ್ಯವಾಗಿ ಬೇರೆಯವರಿಗೆ ಕೊಡುವುದೇ ಇಲ್ಲ. ಮನುಷ್ಯರು ಹಾಗಲ್ಲ, ನಮ್ಮ ಕೂಸು ಕೈಯಿಂದ ಕೈಗೆ ದಾಟುತ್ತಲೇ ಬೆಳೆದದ್ದು. ಕರೆದಾಗ ಓಗೊಟ್ಟವರನ್ನೆಲ್ಲ ಅದು ತನ್ನವರೆಂದುಕೊಳ್ಳುತ್ತದೆ. 1964ರಲ್ಲಿ ಸಂಶೋಧಕರಾದ ಶಾಫರ್ ಮತ್ತು ಎಮರ್ಸನ್ ಸ್ಕಾಟ್ಲೆಂಡಿನ ಗ್ಲಾಸ್ಗೋದ 60 ಶಿಶುಗಳ ಅಧ್ಯಯನವನ್ನು ಪ್ರಕಟಿಸಿದರು. ಒಂದೂವರೆ ವರ್ಷದ ಹೊತ್ತಿಗೆ ಬಹುಪಾಲು ಮಕ್ಕಳಿಗೆ ಒಬ್ಬರಿಗಿಂತ ಹೆಚ್ಚು ಆಪ್ತರಿದ್ದರು.

"ಅಂದರೆ ನನ್ನ ಪಾಲು ಕಡಿಮೆ ಆಗಲ್ವಾ?"

ಇಲ್ಲ, ಇದು ಆಸ್ತಿಯ ಭಾಗವಲ್ಲ.

ಮಾತಿನ ನಡುವೆ ಇನ್ನೊಂದು ಸಂಗತಿ ಹೊರಬಿತ್ತು. ಮಗು ಅಳಬಾರದೆಂದು ಬೆಳಿಗ್ಗೆ ಅವನು ಆಟದಲ್ಲಿರುವಾಗ ಆಕೆ ಹಿಂಬಾಗಿಲಿನಿಂದ ಜಾರಿಕೊಳ್ಳುತ್ತಿದ್ದರು. ನನಗೆ ಚಿಂತೆಯಾದದ್ದು ಇದಕ್ಕೇ. ತಿರುಗಿ ನೋಡುವಷ್ಟರಲ್ಲಿ ಮಾಯವಾಗುವ ಅಮ್ಮನನ್ನು ಮಗು ಹೇಗೆ ನಂಬೀತು? ಎದುರಿಗೇ, ಪ್ರತಿದಿನ ಒಂದೇ ರೀತಿ, ಚುಟುಕಾಗಿ ಟಾಟಾ ಹೇಳಿ ಹೋಗಿ ಎಂದೆ. ಅತ್ತರೆ ಅಳಲಿ, ಎತ್ತಿಕೊಳ್ಳಲು ಅಜ್ಜಿ ಇದ್ದಾರಲ್ಲ. ಸಂಜೆ ಬಂದೊಡನೆ ಅವನನ್ನು ಕಿತ್ತುಕೊಳ್ಳದೆ ಪಕ್ಕದಲ್ಲಿ ನೆಲದ ಮೇಲೆ ಕೂತರೆ ಸಾಕು, ತಾನಾಗಿ ಬರುವವರೆಗೆ. ಫೋನು ಬೇರೆ ಕೋಣೆಯಲ್ಲಿರಲಿ. ರಾತ್ರಿ ಮಲಗಿಸುವ ಕೆಲಸ ಅಮ್ಮನದೇ ಆಗಿರಲಿ; ಇದನ್ನು ಅತ್ತೆಗೂ ಹೇಳಿ ಒಪ್ಪಿಸಬೇಕು.

ಮೂರು ವಾರ ಬಿಟ್ಟು ಬಂದರು. ಸಂಜೆ ಇನ್ನೂ ಕೆಲವು ದಿನ ಮುಖ ತಿರುಗಿಸುತ್ತಾನಂತೆ. "ಆದರೆ ಬೆಳಿಗ್ಗೆ ಟಾಟಾ ಅಂದರೆ ಸೆರಗು ಬಿಡಲ್ಲ, ಜೋರಾಗಿ ಅಳ್ತಾನೆ ಮೇಡಂ," ಎಂದರು, ನಗು ತಡೆದುಕೊಳ್ಳುತ್ತ.